ಕೋಟೆ ಬಾಗಿಲು ಮತ್ತು ಮಿದುಳಿನ ಕಾವಲು

(ಉಪನ್ಯಾಸವೊಂದರ ಬರಹ ರೂಪ)

‘ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ’ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಕೆಲಸ ಕೆಟ್ಟ ಮೇಲೆ ಎಚ್ಚರಗೊಂಡವರನ್ನು ಹಾಸ್ಯ ಮಾಡಲು ಹುಟ್ಟಿದ ಮಾತು ಅದು. ಆದರೆ ವೈದ್ಯವಿಜ್ಞಾನದ ಒಂದು ಮೂಲೆಯಲ್ಲಿ ಈ ಗಾದೆಯನ್ನೇ ಪ್ರಶ್ನಿಸುವ ಕೆಲಸ ಕೆಲವು ದಶಕಗಳಿಂದ ನಡೆದಿದೆ. ಸೂರೆ ಒಂದೇ ಸಲಕ್ಕೆ ಮುಗಿಯದೆ ಅಲೆ ಅಲೆಯಾಗಿ ಹಲವು ದಿನ ನಡೆಯುವುದಾದರೆ? ಮೊದಲ ದಾಳಿಯ ನಂತರ ಬಾಗಿಲು ಹಾಕಿದರೂ ಉಳಿಸಿಕೊಳ್ಳುವುದು ಏನಾದರೂ ಇದ್ದರೆ? ಇಲ್ಲಿ ಕೋಟೆ ಎಂದರೆ ಮನುಷ್ಯನ ಮಿದುಳು. ದಾಳಿ ಎಂದರೆ ಮಿದುಳಿನ ಸುತ್ತ ಆಗುವ ರಕ್ತಸ್ರಾವ. ಬಾಗಿಲು ಎಂದರೆ ರಕ್ತಕ್ಕೂ ಮಿದುಳಿಗೂ ನಡುವೆ ಇರುವ, ಬರಿಗಣ್ಣಿಗೆ ಕಾಣದ ಒಂದು ತಡೆಗೋಡೆ.

ಇಂಥದೊಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಿ. ಐವತ್ತರ ಆಸುಪಾಸಿನ ಒಬ್ಬ ಗೃಹಿಣಿ. ಬೆಳಿಗ್ಗೆ ಎಂದಿನಂತೆ ಕೆಲಸ ಮಾಡಿಕೊಂಡಿದ್ದವಳಿಗೆ ಇದ್ದಕ್ಕಿದ್ದಂತೆ ತಲೆಗೆ ಸಿಡಿಲು ಬಡಿದಂತಹ ನೋವು, ವಾಂತಿ, ಕ್ಷಣಕಾಲ ಎಚ್ಚರ ತಪ್ಪುವಿಕೆ. ಆಸ್ಪತ್ರೆಗೆ ಸೇರಿಸುತ್ತಾರೆ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣುತ್ತದೆ. ಶಸ್ತ್ರಚಿಕಿತ್ಸೆ ಸರಾಗವಾಗಿ ನಡೆದು, ಒಡೆದ ರಕ್ತನಾಳ ಮುಚ್ಚಿಹೋಗುತ್ತದೆ. ಆಕೆ ಕಣ್ಣು ಬಿಟ್ಟು ಮಕ್ಕಳನ್ನು ಗುರುತಿಸುತ್ತಾಳೆ. ಮನೆಯವರು ದೇವರಿಗೆ ಕೈಮುಗಿದು ನಿಟ್ಟುಸಿರು ಬಿಡುತ್ತಾರೆ. ಆದರೆ ಐದನೆಯ ದಿನವೋ ಏಳನೆಯ ದಿನವೋ ಮಾತು ತೊದಲುತ್ತದೆ, ಒಂದು ಕೈ ಸೋಲುತ್ತದೆ, ಮಂಪರು ಕವಿಯುತ್ತದೆ. ‘ಆಪರೇಷನ್ ಚೆನ್ನಾಗಿ ಆಯಿತು ಎಂದಿರಲ್ಲ, ಮತ್ತೆ ಯಾಕೆ ಹೀಗೆ?’ ಎಂದು ಮನೆಯವರು ಕೇಳುತ್ತಾರೆ. ನರಶಸ್ತ್ರಚಿಕಿತ್ಸಾ ವಾರ್ಡುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ನೂರನಲವತ್ತು ವರ್ಷಗಳ ಹಿಂದಿನ ಒಂದು ಬಣ್ಣದ ಪ್ರಯೋಗದವರೆಗೆ ಹೋಗಬೇಕಾಗುತ್ತದೆ.

ಬಣ್ಣ ಹತ್ತದ ಅಂಗ

1885ರಲ್ಲಿ ಜರ್ಮನಿಯ ಪೌಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣಗಳನ್ನು ಚುಚ್ಚಿ, ಅವು ದೇಹದ ಯಾವ ಯಾವ ಭಾಗಕ್ಕೆ ಹೋಗಿ ಸೇರುತ್ತವೆ ಎಂದು ನೋಡುತ್ತಿದ್ದ. ಬಟ್ಟೆಗೆ ಹಾಕುವ ಕೃತಕ ಬಣ್ಣಗಳ ಉದ್ಯಮ ಆಗ ಜರ್ಮನಿಯಲ್ಲಿ ಭರದಿಂದ ಬೆಳೆಯುತ್ತಿತ್ತು. ಆ ಬಣ್ಣಗಳನ್ನು ಜೀವಕೋಶಗಳ ಅಧ್ಯಯನಕ್ಕೆ ಬಳಸುವುದು ಎರ್ಲಿಕ್‌ನ ಹುಚ್ಚು. ಯಕೃತ್ತು, ಮೂತ್ರಪಿಂಡ, ಸ್ನಾಯು ಎಲ್ಲವೂ ಬಣ್ಣ ಹೀರಿಕೊಂಡವು. ಮಿದುಳು ಮತ್ತು ಬೆನ್ನುಹುರಿ ಮಾತ್ರ ಬೆಳ್ಳಗೆ ಉಳಿದವು. ಮಿದುಳಿಗೆ ಆ ಬಣ್ಣಗಳ ಮೇಲೆ ಒಲವು ಕಡಿಮೆ ಇರಬೇಕು ಎಂದು ಆತ ವಿವರಣೆ ಕೊಟ್ಟ. 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಈ ಮಹಾ ವಿಜ್ಞಾನಿಯ ವಿವರಣೆ ತಪ್ಪಾಗಿತ್ತು.

ಅದನ್ನು ತೋರಿಸಿಕೊಟ್ಟವನು ಆತನ ಶಿಷ್ಯನೇ ಆದ ಎಡ್ವಿನ್ ಗೋಲ್ಡ್‌ಮನ್. ಟ್ರಿಪಾನ್ ಬ್ಲೂ ಎಂಬ ನೀಲಿ ಬಣ್ಣವನ್ನು ರಕ್ತಕ್ಕೆ ಚುಚ್ಚಿದಾಗ ಗುರುವಿಗೆ ಕಂಡದ್ದೇ ಶಿಷ್ಯನಿಗೂ ಕಂಡಿತು. ದೇಹವೆಲ್ಲ ನೀಲಿ, ಮಿದುಳು ಬಿಳಿ. 1913ರಲ್ಲಿ ಆತ ಪ್ರಯೋಗವನ್ನು ತಿರುಗಿಸಿ ಮಾಡಿದ. ಬಣ್ಣವನ್ನು ರಕ್ತಕ್ಕೆ ಬದಲಾಗಿ, ಮಿದುಳನ್ನೂ ಬೆನ್ನುಹುರಿಯನ್ನೂ ತೋಯಿಸಿಟ್ಟಿರುವ ದ್ರವಕ್ಕೆ ಚುಚ್ಚಿದ. ಈಗ ಮಿದುಳು ನೀಲಿಯಾಯಿತು. ಉಳಿದ ದೇಹಕ್ಕೆ ಬಣ್ಣ ಹತ್ತಲಿಲ್ಲ. ಅಂದರೆ ಬಣ್ಣದ ಮೇಲೆ ಮಿದುಳಿಗೆ ದ್ವೇಷವೇನೂ ಇರಲಿಲ್ಲ. ನಡುವೆ ಯಾವುದೋ ಗೋಡೆ ಇತ್ತು. ಗುರುವಿನ ಮಾತನ್ನು ಗುರುವಿನ ವಿಧಾನದಿಂದಲೇ ಶಿಷ್ಯ ತಿದ್ದಿದ್ದ.

ಈ ಗೋಡೆಯ ಅಧ್ಯಯನಕ್ಕೆ ಬಾಳನ್ನೇ ಕೊಟ್ಟವಳು ಲೀನಾ ಸ್ಟರ್ನ್. ಈಗಿನ ಲಾಟ್ವಿಯಾ ದೇಶಕ್ಕೆ ಸೇರಿದ ಊರಿನಲ್ಲಿ 1878ರಲ್ಲಿ ಯಹೂದಿ ಮನೆತನವೊಂದರಲ್ಲಿ ಹುಟ್ಟಿ, ಸ್ವಿಟ್ಜರ್‌ಲೆಂಡಿಗೆ ಓದಲು ಹೋಗಿ, 1918ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರಾಧ್ಯಾಪಕಿಯಾದವಳು. ‘ರಕ್ತ-ಮಿದುಳು ತಡೆಗೋಡೆ’ ಎಂಬ ಅರ್ಥದ ಫ್ರೆಂಚ್ ಪದವನ್ನು 1921ರಲ್ಲಿ ಬಳಕೆಗೆ ತಂದಳು. ಈ ಗೋಡೆ ಬರಿಯ ತಡೆಯಲ್ಲ, ಯಾವುದನ್ನು ಬಿಡಬೇಕು ಯಾವುದನ್ನು ಬಿಡಬಾರದು ಎಂದು ಆರಿಸುವ ಕಾವಲು ಎಂದು ವಾದಿಸಿದಳು. 1925ರಲ್ಲಿ ಮಾಸ್ಕೋಗೆ ಹೋದಳು. 1939ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಪೂರ್ಣ ಸದಸ್ಯತ್ವ ಪಡೆದ ಮೊದಲ ಮಹಿಳೆಯಾದಳು.

ಗೋಡೆಯ ಮಹಿಮೆ ಏನೆಂಬುದನ್ನು ಆಕೆ ರೋಗಿಗಳ ಮಂಚದ ಬಳಿಯೂ ತೋರಿಸಿದಳು. ಸ್ಟ್ರೆಪ್ಟೋಮೈಸಿನ್ ಬಂದ ಹೊಸತು. ಕ್ಷಯರೋಗ ಮಿದುಳಿನ ಪೊರೆಗೆ ತಗುಲಿದ ಮಕ್ಕಳಿಗೆ ಆ ಔಷಧಿಯನ್ನು ಸ್ನಾಯುವಿಗೆ ಚುಚ್ಚಿದರೆ ಅದು ಗೋಡೆ ದಾಟಿ ಒಳಗೆ ಹೋಗುವುದು ಅತ್ಯಲ್ಪ. ಹಾಗಾದರೆ ಗೋಡೆಯ ಒಳಮಗ್ಗುಲಿಗೇ, ಮಿದುಳು ದ್ರವಕ್ಕೇ ಕೊಡಬೇಕು ಎಂದು ಆಕೆ ಹೇಳಿದಳು, ಕೊಡಿಸಿದಳು. ಇಂಥ ವಿಜ್ಞಾನಿಯನ್ನು ಸ್ಟಾಲಿನ್ ಸರಕಾರ 1949ರ ಆರಂಭದಲ್ಲಿ, ಆಕೆಯ ಎಪ್ಪತ್ತನೆಯ ವಯಸ್ಸಿನಲ್ಲಿ ಬಂಧಿಸಿತು. ಯಹೂದಿ ಫ್ಯಾಸಿಸ್ಟ್‌ವಿರೋಧಿ ಸಮಿತಿಯ ಸದಸ್ಯೆ ಎಂಬುದೇ ಅಪರಾಧ. 1952ರ ವಿಚಾರಣೆಯಲ್ಲಿ ಕಟಕಟೆಯಲ್ಲಿದ್ದ 15 ಜನರಲ್ಲಿ 13 ಮಂದಿಯನ್ನು ಆಗಸ್ಟ್ 12ರಂದು ಗುಂಡಿಟ್ಟು ಕೊಂದರು. ಒಬ್ಬ ಸೆರೆಯಲ್ಲೇ ಸತ್ತ. ಉಳಿದವಳು ಲೀನಾ ಸ್ಟರ್ನ್ ಒಬ್ಬಳೇ. ಗಡೀಪಾರಾಗಿ ಮಧ್ಯ ಏಷ್ಯಾದ ಊರೊಂದರಲ್ಲಿದ್ದ ಆಕೆ ಸ್ಟಾಲಿನ್ ಸತ್ತ ವರ್ಷವೇ, 1953ರಲ್ಲಿ, ಮಾಸ್ಕೋಗೆ ಮರಳಿ ಮತ್ತೆ ಕೆಲಸ ಹಿಡಿದಳು. ತೀರಿಕೊಂಡದ್ದು 1968ರಲ್ಲಿ.

ಅದರ ಹಿಂದಿನ ವರ್ಷವೇ ಗೋಡೆಯ ನಿಜವಾದ ನೆಲೆ ಕಣ್ಣಿಗೆ ಕಂಡಿತ್ತು. 1967ರಲ್ಲಿ ಅಮೆರಿಕದ ರೀಸ್ ಮತ್ತು ಕಾರ್ನೋವ್‌ಸ್ಕಿ ಎಂಬಿಬ್ಬರು ಇಲಿಯ ರಕ್ತಕ್ಕೆ ಒಂದು ಕಿಣ್ವವನ್ನು ಬಿಟ್ಟು, ಅದು ಎಲ್ಲಿ ನಿಲ್ಲುತ್ತದೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದು ನಿಂತದ್ದು ರಕ್ತದ ಲೋಮನಾಳದ ಒಳಗೋಡೆಯಲ್ಲೇ. ದೇಹದ ಬೇರೆ ಬಹಳಷ್ಟು ಕಡೆ ಈ ಗೋಡೆಯ ಜೀವಕೋಶಗಳ ನಡುವೆ ಸಂದುಗಳಿರುತ್ತವೆ. ಮಿದುಳಿನಲ್ಲಿ ಆ ಸಂದುಗಳನ್ನು ಗಾರೆ ಹಾಕಿ ಬಿಗಿದಂತೆ ಮುಚ್ಚಲಾಗಿತ್ತು.

ಕಾವಲಿನ ಕ್ರಮ

ಮಿದುಳು ದೇಹದ ತೂಕದಲ್ಲಿ ಶೇಕಡಾ 2ರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಶೇಕಡಾ 20ರಷ್ಟು ಅದಕ್ಕೇ ಬೇಕು. ಆದ್ದರಿಂದ ರಕ್ತ ಯಥೇಚ್ಛವಾಗಿ ಹರಿಯಬೇಕು. ಆದರೆ ರಕ್ತದಲ್ಲಿರುವುದೆಲ್ಲ ಒಳಗೆ ನುಗ್ಗಬಾರದು. ಊಟ ಮಾಡಿದಾಗ, ಜ್ವರ ಬಂದಾಗ ರಕ್ತದ ಹದ ಏರುಪೇರಾಗುತ್ತದೆ. ನರಕೋಶಗಳು ಅಂಥ ಏರುಪೇರನ್ನು ತಡೆಯಲಾರವು. ಹೀಗಾಗಿ ಗೋಡೆಗೆ ಮೂರು ಸುತ್ತಿನ ರಕ್ಷಣೆ. ಒಳಗೆ ಬಿಗಿಯಾಗಿ ಬೆಸೆದ ಜೀವಕೋಶಗಳ ಸಾಲು. ಅದರ ಹೊರಗೆ ಪ್ರೋಟೀನಿನ ತೆಳು ಹಾಸು ಮತ್ತು ಅದಕ್ಕೆ ಅಪ್ಪಿಕೊಂಡ ಪೆರಿಸೈಟ್ ಕೋಶಗಳು. ಅದರಾಚೆ ನಕ್ಷತ್ರಾಕಾರದ ಆಸ್ಟ್ರೋಸೈಟ್ ಕೋಶಗಳ ಪಾದಗಳು.

ಈ ಕಾವಲಿನ ಅನುಭವ ಎಲ್ಲರಿಗೂ ಇದೆ, ಗೊತ್ತಿಲ್ಲ ಅಷ್ಟೆ. ನೆಗಡಿಗೆಂದು ನುಂಗುವ ಹಳೆಯ ಕಾಲದ ಗುಳಿಗೆ ತೂಕಡಿಕೆ ತರುತ್ತದೆ; ಅದು ಗೋಡೆ ದಾಟಿ ಹೋಗುತ್ತದೆ. ಅದೇ ಜಾತಿಯ ಹೊಸ ಗುಳಿಗೆಗಳು ಅಷ್ಟು ನಿದ್ದೆ ತರುವುದಿಲ್ಲ. ಒಳಗೆ ಕಾಲಿಟ್ಟ ಅವನ್ನು ಕಾವಲುಗಾರ ಪ್ರೋಟೀನುಗಳು ಕತ್ತು ಹಿಡಿದು ಹೊರದಬ್ಬುತ್ತವೆ. ಬೆಳಗಿನ ಕಾಫಿಯ ಕೆಫೀನಿಗೆ ಯಾವ ಅಡ್ಡಿಯೂ ಇಲ್ಲ, ಸಾರಾಯಿಗೂ ಇಲ್ಲ. ಪಾರ್ಕಿನ್ಸನ್ ರೋಗಿಗೆ ಬೇಕಾದದ್ದು ಡೋಪಮಿನ್. ಅದು ಗೋಡೆ ದಾಟದು. ಅದಕ್ಕೇ ವೈದ್ಯರು ಎಲ್-ಡೋಪಾ ಕೊಡುತ್ತಾರೆ. ಅದು ಅಮೈನೋ ಆಮ್ಲದ ವೇಷದಲ್ಲಿ ಬಾಗಿಲು ದಾಟಿ, ಒಳಗೆ ಹೋಗಿ ಡೋಪಮಿನ್ ಆಗುತ್ತದೆ. ಗೋಡೆಯನ್ನು ದಾಟುವುದು ಹೇಗೆ ಎಂಬುದೇ ಔಷಧಿ ತಯಾರಕರ ಬಹುಕಾಲದ ಚಿಂತೆ. ಗೋಡೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಚಿಂತೆ ಬಂದದ್ದು ತಡವಾಗಿ.

ನಾಳ ಮುಚ್ಚಿದರೂ ಮುಗಿಯದ ಕಥೆ

ಮಿದುಳಿನ ಮೇಲೆ ಜೇಡರ ಬಲೆಯಂತಹ ಒಂದು ತೆಳು ಪೊರೆ ಇದೆ. ಗ್ರೀಕ್ ಭಾಷೆಯ ಜೇಡನ ಹೆಸರಿನಿಂದಲೇ ಅದನ್ನು ಅರಾಕ್ನಾಯ್ಡ್ ಎನ್ನುತ್ತಾರೆ. ಅದರ ಕೆಳಗಿನ ದ್ರವ ತುಂಬಿದ ಸ್ಥಳದಲ್ಲಿ ಮಿದುಳಿನ ದೊಡ್ಡ ರಕ್ತನಾಳಗಳು ಸಾಗುತ್ತವೆ. ಅವು ಕವಲೊಡೆಯುವ ಜಾಗದಲ್ಲಿ ಕೆಲವರಿಗೆ ಸೈಕಲ್ ಟ್ಯೂಬು ಉಬ್ಬಿದಂತೆ ಸಣ್ಣ ಬುಗುಟು ಬೆಳೆಯುತ್ತದೆ. ಅದೇ ಅನ್ಯೂರಿಸಂ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇದು ಇರುತ್ತದೆ. ಬಹುಪಾಲು ಒಡೆಯದೆ ಜೀವಮಾನ ಕಳೆಯುತ್ತದೆ. ಒಡೆದಾಗ ಆಗುವುದೇ ಸಬ್‌ಅರಾಕ್ನಾಯ್ಡ್ ರಕ್ತಸ್ರಾವ. ಪಾರ್ಶ್ವವಾಯುವಿನ ಎಲ್ಲ ಬಗೆಗಳಲ್ಲಿ ಇದರ ಪಾಲು ಶೇಕಡಾ 5ರಷ್ಟು. ಆದರೆ ತಗುಲುವುದು ದುಡಿಯುವ ವಯಸ್ಸಿನವರಿಗೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ತಗುಲಿದವರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಜನ ಉಳಿಯುವುದಿಲ್ಲ. ಉಳಿದವರಲ್ಲಿ ಅನೇಕರಿಗೆ ಮರೆವು, ದಣಿವು, ಕೆಲಸಕ್ಕೆ ಮರಳಲಾಗದ ಸಂಕಟ.

ಮೊದಲಿಗೆ ಗಮನವೆಲ್ಲ ಒಡೆದ ಜಾಗವನ್ನು ಮುಚ್ಚುವುದರ ಮೇಲೆ ಇತ್ತು. 1927ರಲ್ಲಿ ಪೋರ್ಚುಗಲ್‌ನ ಎಗಾಸ್ ಮೋನಿಸ್ ಮಿದುಳಿನ ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ಕಾಣುವಂತೆ ಮಾಡಿದ. 1931ರಲ್ಲಿ ಎಡಿನ್‌ಬರೋದ ನಾರ್ಮನ್ ಡಾಟ್ ರೋಗಿಯ ತೊಡೆಯ ಸ್ನಾಯುವಿನ ತುಣುಕನ್ನೇ ಒಡೆದ ಬುಗುಟಿಗೆ ಸುತ್ತಿ ಸ್ರಾವ ನಿಲ್ಲಿಸಿದ. 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಬುಗುಟಿನ ಕತ್ತಿಗೆ ಬೆಳ್ಳಿಯ ಕ್ಲಿಪ್ಪು ಹಾಕಿದ. 1990ರ ದಶಕದಲ್ಲಿ ತಲೆಬುರುಡೆ ತೆರೆಯದೆ, ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಪ್ಲಾಟಿನಂ ಸುರುಳಿ ತುಂಬುವ ವಿಧಾನ ಬಂತು. 2143 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷದ ನಂತರ ಸತ್ತವರು ಅಥವಾ ಪರಾವಲಂಬಿಗಳಾದವರು ಕ್ಲಿಪ್ಪಿನ ಗುಂಪಿನಲ್ಲಿ ಶೇಕಡಾ 31ರಷ್ಟು, ಸುರುಳಿಯ ಗುಂಪಿನಲ್ಲಿ ಶೇಕಡಾ 24ರಷ್ಟು. ಪ್ರಗತಿ ನಿಜ. ಆದರೆ ನಾಳ ಭದ್ರವಾಗಿ ಮುಚ್ಚಿದ ಮೇಲೂ ನಾಲ್ವರಲ್ಲಿ ಒಬ್ಬರ ಗತಿ ಹೀಗೆ. ಐದನೆಯ ದಿನದ ಪ್ರಶ್ನೆ ಹಾಗೆಯೇ ಉಳಿಯಿತು.

ಅದಕ್ಕೆ ಉತ್ತರ ಸಿಕ್ಕಿತೆಂದು ಬಹಳ ಕಾಲ ನಂಬಲಾಗಿತ್ತು. ಸ್ರಾವದ ನಾಲ್ಕನೆಯ ದಿನದಿಂದ ಹದಿನಾಲ್ಕನೆಯ ದಿನದ ನಡುವೆ ಮಿದುಳಿನ ದೊಡ್ಡ ರಕ್ತನಾಳಗಳು ಸೆಟೆದು ಕಿರಿದಾಗುತ್ತವೆ. 1951ರಲ್ಲೇ ಇದನ್ನು ಎಕ್ಸ್‌ರೇಯಲ್ಲಿ ಕಂಡಿದ್ದರು. ನಾಳ ಸೆಟೆದರೆ ರಕ್ತ ಹರಿಯದು, ಮಿದುಳು ಸಾಯುತ್ತದೆ. ಆದ್ದರಿಂದ ನಾಳವನ್ನು ಸಡಿಲಿಸಿದರೆ ಆಯಿತು ಎಂಬುದು ತರ್ಕ. ಈ ತರ್ಕದಿಂದ ಬಂದ ಔಷಧಿ ನಿಮೋಡಿಪಿನ್. ಕೊಬ್ಬಿನಲ್ಲಿ ಕರಗುವ ಗುಣದಿಂದಾಗಿ ಅದು ಲೀನಾ ಸ್ಟರ್ನ್‌ಳ ಗೋಡೆಯನ್ನು ದಾಟಬಲ್ಲದು. 1989ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ 554 ರೋಗಿಗಳಿದ್ದರು. ಕೆಟ್ಟ ಗತಿಗೆ ಇಳಿದವರು ಹುಸಿ ಗುಳಿಗೆಯವರಲ್ಲಿ ಶೇಕಡಾ 33, ನಿಮೋಡಿಪಿನ್ ಪಡೆದವರಲ್ಲಿ ಶೇಕಡಾ 20. ಅಂದಿನಿಂದ ಇಂದಿನವರೆಗೂ ಇದೇ ರೂಢಿಯ ಔಷಧಿ. 60 ಮಿಲಿಗ್ರಾಂ, ನಾಲ್ಕು ಗಂಟೆಗೊಮ್ಮೆ, 21 ದಿನ. ಲೆಕ್ಕ ಹಾಕಿದರೆ 126 ಸರದಿ. ನಡುರಾತ್ರಿಯಲ್ಲೂ ರೋಗಿಯನ್ನು ಎಬ್ಬಿಸಿ ಕೊಡಬೇಕಾದ ಗುಳಿಗೆ.

ಆದರೆ ಒಂದು ವಿಚಿತ್ರ ಇತ್ತು. ನಿಮೋಡಿಪಿನ್ ಪಡೆದವರ ಎಕ್ಸ್‌ರೇಯಲ್ಲಿ ನಾಳಗಳು ಹೇಳಿಕೊಳ್ಳುವಷ್ಟು ಸಡಿಲವಾಗಿರಲಿಲ್ಲ. ನಾಳ ಸಡಿಲಿಸಲೆಂದು ಬಂದ ಔಷಧಿ ನಾಳ ಸಡಿಲಿಸದೆಯೇ ರೋಗಿಯನ್ನು ಉಳಿಸುತ್ತಿತ್ತು. ಇದಕ್ಕೆ ತದ್ವಿರುದ್ಧವಾದದ್ದು ಮುಂದೆ ನಡೆಯಿತು. ಕ್ಲಾಜೊಸೆಂಟಾನ್ ಎಂಬ ಔಷಧಿ ನಾಳಗಳನ್ನು ನಿಜವಾಗಿಯೂ ಸಡಿಲಿಸಿತು. 2008ರಲ್ಲಿ ಅದು ಸಿದ್ಧವಾಯಿತು. 2011ರಲ್ಲಿ ಪ್ರಕಟವಾದ ಸಾವಿರಕ್ಕೂ ಮೀರಿದ ರೋಗಿಗಳ ಪರೀಕ್ಷೆಯಲ್ಲಿ ರೋಗಿಗಳ ಅಂತಿಮ ಸ್ಥಿತಿ ಮಾತ್ರ ಸುಧಾರಿಸಲಿಲ್ಲ. ಜಪಾನ್ 2022ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತಾದರೂ ನಿಮೋಡಿಪಿನ್‌ನ ಸ್ಥಾನವನ್ನು ಜಗತ್ತಿನಲ್ಲಿ ಅದು ಪಡೆಯಲಿಲ್ಲ. ಹಾನಿಯೆಲ್ಲ ಸೆಟೆದ ನಾಳದಿಂದ ಆಗುತ್ತಿಲ್ಲ, ಇನ್ನೇನೋ ಮೊದಲೇ ಕೆಟ್ಟಿದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಸಂಶೋಧಕರ ಕಣ್ಣು ನಾಲ್ಕನೆಯ ದಿನದಿಂದ ಹಿಂದಕ್ಕೆ, ಮೊದಲ ಮೂರು ದಿನಗಳ ಕಡೆಗೆ ಹೊರಳಿತು.

ಗೋಡೆ ಕುಸಿಯುವ ಬಗೆ

ಬುಗುಟು ಒಡೆದ ಕ್ಷಣ ತಲೆಬುರುಡೆಯೊಳಗೆ ಒತ್ತಡ ಏರಿ, ಮಿದುಳಿಗೆ ಹರಿಯುವ ರಕ್ತ ಕ್ಷಣಕಾಲ ನಿಂತೇಹೋಗಬಹುದು. ಎಚ್ಚರ ತಪ್ಪುವುದು ಆಗಲೇ. ಲೋಮನಾಳದ ಗೋಡೆಯ ಕೋಶಗಳಿಗೆ ಇದು ಮೊದಲ ಪೆಟ್ಟು. ಅನಂತರ ಹೊರಚೆಲ್ಲಿದ ರಕ್ತವೇ ವಿಷವಾಗುತ್ತದೆ. ಹೆಪ್ಪುಗಟ್ಟಿಸುವ ಥ್ರಾಂಬಿನ್ ಕೋಶಗಳನ್ನು ಕೆರಳಿಸುತ್ತದೆ. ಕೆಂಪುಕಣಗಳು ಒಡೆದು ಹಿಮೋಗ್ಲೋಬಿನ್ ಹೊರಬಂದು, ಅದರ ಕಬ್ಬಿಣ ಕೋಶಗಳನ್ನು ಸುಡುವ ರಾಸಾಯನಿಕಗಳನ್ನು ಹುಟ್ಟಿಸುತ್ತದೆ. ಉರಿಯೂತದ ಕರೆಗೆ ಬಿಳಿಕಣಗಳು ಧಾವಿಸುತ್ತವೆ. ಈ ಗದ್ದಲದಲ್ಲಿ ಎಂಎಂಪಿ-9 ಎಂಬ ಕಿಣ್ವ ಹೆಚ್ಚುತ್ತದೆ. ಅದರ ಸಹಜ ಕೆಲಸ ಹಳೆಯ ಪ್ರೋಟೀನನ್ನು ಕತ್ತರಿಸುವುದು. ಈಗ ಅದು ಗೋಡೆಯ ಗಾರೆಯನ್ನೂ ಅಡಿಪಾಯದ ಹಾಸನ್ನೂ ಕಡಿಯತೊಡಗುತ್ತದೆ.

ಗೋಡೆ ಬಿರುಕು ಬಿಟ್ಟರೆ ರಕ್ತದ ಆಲ್ಬುಮಿನ್ ಪ್ರೋಟೀನು ಒಳಗೆ ಸೋರುತ್ತದೆ; ಅದರ ಹಿಂದೆಯೇ ನೀರು. ಮಿದುಳು ಊದುತ್ತದೆ. ಉಳಿದ ಅಂಗವಾದರೆ ಊದಿಕೊಳ್ಳಲು ಜಾಗವಿದೆ. ಮಿದುಳಿನ ಸುತ್ತ ಇರುವುದು ಮೂಳೆಯ ಡಬ್ಬಿ. ಊದಿದಷ್ಟೂ ಒತ್ತಡ, ಒತ್ತಡ ಏರಿದಷ್ಟೂ ರಕ್ತದ ಅಭಾವ, ಅದರಿಂದ ಗೋಡೆಗೆ ಇನ್ನಷ್ಟು ಹಾನಿ. ಇಲಿಗಳಲ್ಲಿ ಈ ಸೋರಿಕೆ ಸ್ರಾವದ ನಂತರ ಒಂದರಿಂದ ಮೂರು ದಿನಗಳಲ್ಲಿ ತುತ್ತತುದಿ ಮುಟ್ಟುತ್ತದೆ. ಅದನ್ನು ಅಳೆಯುವುದು ಹೇಗೆ? ಇವಾನ್ಸ್ ಬ್ಲೂ ಎಂಬ ನೀಲಿ ಬಣ್ಣವನ್ನು ರಕ್ತಕ್ಕೆ ಚುಚ್ಚಿ, ಮಿದುಳು ಎಷ್ಟು ನೀಲಿಯಾಯಿತು ಎಂದು ನೋಡುತ್ತಾರೆ. ಎರ್ಲಿಕ್‌ನ ಪ್ರಯೋಗವೇ. ಅಂದು ಬಣ್ಣ ಹತ್ತದೆ ಉಳಿದದ್ದು ಅಚ್ಚರಿ. ಇಂದು ಬಣ್ಣ ಹತ್ತಿದಷ್ಟೂ ಆತಂಕ.

ಬಾಗಿಲು ಹಾಕುವ ಔಷಧಿಗಳು

ಒಂದರಿಂದ ಮೂರು ದಿನ ಎಂಬುದೇ ಆಸೆಯ ಮಾತು. ಸ್ರಾವವಾದ ಮೇಲೆ ಆಸ್ಪತ್ರೆಗೆ ಬಂದ ರೋಗಿಯ ಬಾಗಿಲು ಇನ್ನೂ ಪೂರ್ತಿ ಕಿತ್ತುಹೋಗಿರಲಿಕ್ಕಿಲ್ಲ. ಹೊಸ ಔಷಧಿಯನ್ನೇ ಕಂಡುಹಿಡಿಯಬೇಕೆಂದೂ ಇಲ್ಲ. ಅಂಗಡಿಯಲ್ಲಿ ಈಗಾಗಲೇ ಇರುವ ಕೆಲವು ಗುಳಿಗೆಗಳೇ ಈ ಕೆಲಸಕ್ಕೆ ಬರಬಹುದೇ ಎಂದು ಪರೀಕ್ಷಿಸಲಾಯಿತು. ಮೊಡವೆಗೆ ಕೊಡುವ ಮಿನೋಸೈಕ್ಲಿನ್ ಎಂಬ ಜೀವಿರೋಧಕ ಎಂಎಂಪಿ-9ರ ಕತ್ತರಿಯನ್ನು ಹಿಡಿದು ನಿಲ್ಲಿಸುತ್ತದೆ. ಇಲಿಗಳಲ್ಲಿ ಸೋರಿಕೆಯನ್ನೂ ಊತವನ್ನೂ ತಗ್ಗಿಸಿತು. ಥಲಸ್ಸೀಮಿಯಾ ರೋಗಿಗಳ ದೇಹದಿಂದ ಹೆಚ್ಚಿನ ಕಬ್ಬಿಣ ತೆಗೆಯುವ ಡೆಫೆರಾಕ್ಸಮಿನ್ ಚೆಲ್ಲಿದ ರಕ್ತದ ಕಬ್ಬಿಣವನ್ನು ಕಟ್ಟಿಹಾಕಬಲ್ಲದು. ಸಕ್ಕರೆ ಕಾಯಿಲೆಯ ಹಳೆಯ ಗುಳಿಗೆ ಗ್ಲಿಬೆನ್‌ಕ್ಲಮೈಡ್, ಗೋಡೆಯ ಕೋಶಗಳು ಊದುವಂತೆ ಮಾಡುವ ಒಂದು ಕಾಲುವೆಯನ್ನು ಮುಚ್ಚುತ್ತದೆ. ಇಲಿಗಳಲ್ಲಿ ಇದೂ ಫಲ ಕೊಟ್ಟಿತು.

ಮನುಷ್ಯರ ವಿಷಯಕ್ಕೆ ಬಂದಾಗ ಕಥೆ ಬೇರೆ. ಬ್ರೆಜಿಲ್‌ನಲ್ಲಿ ಈ ರೋಗಿಗಳ ಮೇಲೆ ನಡೆದ ಸಣ್ಣ ಪರೀಕ್ಷೆಯಲ್ಲಿ ಗ್ಲಿಬೆನ್‌ಕ್ಲಮೈಡ್ ರೋಗಿಗಳ ಗತಿಯನ್ನು ಬದಲಿಸಲಿಲ್ಲ. ಮಿದುಳಿನ ಒಳಗೇ ಆಗುವ ಮತ್ತೊಂದು ಬಗೆಯ ರಕ್ತಸ್ರಾವದಲ್ಲಿ ಡೆಫೆರಾಕ್ಸಮಿನ್‌ನ ಪರೀಕ್ಷೆಯೂ 2019ರಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ನಾಳವನ್ನೂ ಮಿದುಳನ್ನೂ ಕಾಯುವುದೆಂಬ ಭರವಸೆಯಿಂದ ಕೊಟ್ಟ ಮೆಗ್ನೀಸಿಯಂ 1204 ರೋಗಿಗಳಲ್ಲಿ 2012ರಲ್ಲಿ ಸೋತಿತು. ಕೊಲೆಸ್ಟರಾಲ್ ಇಳಿಸುವ ಸಿಮ್ವಸ್ಟಾಟಿನ್ 803 ರೋಗಿಗಳಲ್ಲಿ 2014ರಲ್ಲಿ ಸೋತಿತು.

ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋಲುವುದೇಕೆ? ಪ್ರಯೋಗದ ಇಲಿ ಸಾಮಾನ್ಯವಾಗಿ ಎಳೆಯ ವಯಸ್ಸಿನದು, ನಿರೋಗಿ. ಸ್ರಾವ ಆಗುವ ಗಳಿಗೆ ಪ್ರಯೋಗಕಾರನಿಗೆ ಗೊತ್ತು. ಔಷಧಿ ಗಂಟೆಯೊಳಗೆ ಸಿಗುತ್ತದೆ. ಮನುಷ್ಯ ರೋಗಿಗೆ ಐವತ್ತು ದಾಟಿದೆ, ರಕ್ತದೊತ್ತಡವಿದೆ, ತಂಬಾಕಿನ ಅಭ್ಯಾಸವಿದೆ. ಆಸ್ಪತ್ರೆ ಮುಟ್ಟುವಾಗ ಅರ್ಧ ದಿನ ಕಳೆದಿರುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಮೊದಲ ದಿನಗಳಲ್ಲಿ ಗೋಡೆ ಕಡಿಯುವ ಎಂಎಂಪಿ ಕಿಣ್ವಗಳೇ ವಾರ ಕಳೆದ ಮೇಲೆ ಹೊಸ ರಕ್ತನಾಳ ಕಟ್ಟುವ ರಿಪೇರಿ ಕೆಲಸಕ್ಕೆ ಬೇಕು. ರಕ್ತ ಕಟ್ಟಿ ಆಗುವ ಪಾರ್ಶ್ವವಾಯುವಿನ ಇಲಿಗಳಲ್ಲಿ ಏಳನೆಯ ದಿನ ಅವನ್ನು ತಡೆದಾಗ ಚೇತರಿಕೆಯೇ ಕುಂಠಿತವಾದದ್ದು ಕಂಡುಬಂದಿದೆ. ದಾಳಿಗಾರನೇ ಮುಂದೆ ಗಾರೆಕೆಲಸದವನಾಗುತ್ತಾನೆ. ಆದ್ದರಿಂದ ಯಾವ ಔಷಧಿ ಎಂಬುದರಷ್ಟೇ ಯಾವ ದಿನ, ಎಷ್ಟು ದಿನ ಎಂಬುದೂ ಮುಖ್ಯ. ಒಬ್ಬ ಶತ್ರುವನ್ನು ಹಿಡಿದರೆ ಸಾಲದು; ಕಬ್ಬಿಣ, ಥ್ರಾಂಬಿನ್, ಉರಿಯೂತ, ಒತ್ತಡ ಎಲ್ಲವೂ ಒಟ್ಟಿಗೆ ಬಾಗಿಲು ಗುದ್ದುತ್ತಿವೆ.

ಹೀಗೆಂದು ಕೈಚೆಲ್ಲಬೇಕಿಲ್ಲ. ಜೀವಂತ ರೋಗಿಯಲ್ಲೇ ಗೋಡೆಯ ಸೋರಿಕೆಯನ್ನು ಎಂಆರ್‌ಐ ಯಂತ್ರದಿಂದ ಅಳೆಯುವ ದಾರಿ ಈಗ ಇದೆ. ಯಾರ ಗೋಡೆ ಸೋರುತ್ತಿದೆ ಎಂದು ತಿಳಿದು ಅವರಿಗೇ ಔಷಧಿ ಕೊಟ್ಟು ನೋಡುವುದು ಸಾಧ್ಯ. ಎಲ್ಲರಿಗೂ ಒಂದೇ ಗುಳಿಗೆ ಕೊಟ್ಟು ಸರಾಸರಿ ಲೆಕ್ಕ ಹಾಕುವುದಕ್ಕಿಂತ ಇದು ಮೇಲು.

ಅಲ್ಲಿಯವರೆಗೆ ಮನೆಯವರ ಪ್ರಶ್ನೆಗೆ ಕೊಡಬಹುದಾದ ಪ್ರಾಮಾಣಿಕ ಉತ್ತರ ಇದು: ಶಸ್ತ್ರಚಿಕಿತ್ಸೆ ಮುಂದಿನ ಸ್ರಾವವನ್ನು ತಡೆದಿದೆ, ಆಗಲೇ ಚೆಲ್ಲಿದ ರಕ್ತ ಮಾಡುವ ಹಾನಿ ಎರಡು ವಾರ ನಡೆಯುತ್ತದೆ, ಆ ಎರಡು ವಾರ ಕಣ್ಣಿಟ್ಟು ಕಾಯಬೇಕು, ನಿಮೋಡಿಪಿನ್‌ನ ಒಂದು ಸರದಿಯನ್ನೂ ಸುಮ್ಮನೆ ತಪ್ಪಿಸಬಾರದು. ಮಂಪರು, ತೊದಲು, ಕೈಸೋಲು ಏನೇ ಕಂಡರೂ ಕೂಡಲೇ ಹೇಳಬೇಕು.

ಮನೆಯಲ್ಲಿರುವವರು ನೆನಪಿಡಬೇಕಾದದ್ದು ಇನ್ನೂ ಸರಳ. ಹುಟ್ಟಿದಾಗಿನಿಂದ ಕಾಣದಂಥ ತಲೆನೋವು, ಒಂದು ನಿಮಿಷದೊಳಗೆ ತುತ್ತತುದಿಗೇರಿದರೆ, ಜೊತೆಗೆ ವಾಂತಿಯೋ ಕತ್ತು ಬಿಗಿತವೋ ಇದ್ದರೆ, ಹಣೆಗೆ ಮುಲಾಮು ತಿಕ್ಕಿ ಮಲಗಿಸಬಾರದು. ತೋಚಿದ ನೋವಿನ ಗುಳಿಗೆ ನುಂಗಿಸಬಾರದು. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಬೇಕು. ಮೊದಲ ಆರು ಗಂಟೆಗಳೊಳಗಿನ ಸ್ಕ್ಯಾನ್ ಸ್ರಾವವನ್ನು ಬಿಟ್ಟುಬಿಡುವುದು ತೀರಾ ಅಪರೂಪ. ನೋವು ತಾನೇ ಇಳಿಯಿತೆಂದು ಸುಮ್ಮನಾಗುವುದೂ ಸಲ್ಲ. ಒಮ್ಮೆ ಒಡೆದ ಬುಗುಟು ಮತ್ತೆ ಒಡೆಯುವ ಭಯ ಮೊದಲ ದಿನವೇ ಹೆಚ್ಚು. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ಬೀಡಿ ಸಿಗರೇಟು ಬಿಡುವುದು ಬುಗುಟು ಒಡೆಯದಂತೆ ಕಾಯುವ, ದುಡ್ಡು ಕೇಳದ ಉಪಾಯಗಳು.

ಕೋಟೆ ಸೂರೆಹೋದ ಮೇಲೆ ಬಾಗಿಲು ಹಾಕುವುದು ಹಾಸ್ಯದ ಮಾತೇ ಆಗಿರಬಹುದು. ಆದರೆ ಒಳಗೆ ಇನ್ನೂ ಜನ ಬದುಕಿದ್ದಾರೆ ಎಂದು ಗೊತ್ತಿದ್ದಾಗ ಯಾರೂ ಬಾಗಿಲನ್ನು ತೆರೆದಿಟ್ಟು ಹೋಗುವುದಿಲ್ಲ.